ಸಾತವ್ವನ ಮನೆಯ ಪಾಕ

ಆ ವರ್ಷ ಪಾಕ ನಮ್ಮ ಮನೆಗೆ ಬಂತು.

ನಮ್ಮೂರಿನಲ್ಲಿ ಓಣಿಗೊಂದು ಕಂಪ್ಯೂಟರ್ ಇದೆ. ಓಣಿಯ ಯಾವುದಾದರೊಂದು ಮನೆಯ ಪಡಸಾಲೆಯಲ್ಲಿ ಅದು ಇರುತ್ತದೆ. ಒಂದು ಉದ್ದನೆಯ ತಂತಿ ಅವೆಲ್ಲವನ್ನೂ ಕೂಡಿಸಿದೆ. ಗುಡ್ಡದ ಮೇಲಿನ ತೊಟ್ಟಿಯ ನೀರು ಯಾವ ಓಣಿಗೆ ಎಷ್ಟು ಹೊತ್ತು ಹರಿಯಬೇಕು ಎನ್ನುವುದನ್ನು ಅವು ತಮ್ಮತಮ್ಮಲ್ಲೇ ಮಾತಾಡಿಕೊಂಡು ಗೊತ್ತು ಮಾಡುತ್ತವೆ. ಕೆಲವು ವರ್ಷಗಳಿಗೊಮ್ಮೆ ಅವುಗಳನ್ನು ನಡೆಸುವ ಒಳಗಿನ ವ್ಯವಸ್ಥೆ ಹಳತಾಗಿ ತಪ್ಪತೊಡಗುತ್ತದೆ. ಆಗ ಹೊಸದನ್ನು ಕಟ್ಟಿ ಎಲ್ಲದಕ್ಕೂ ಹಾಕಬೇಕು. ಒಂದೊಂದರಲ್ಲೂ ಬೇರೆಬೇರೆಯಾಗಿ ಕಟ್ಟಹೋದರೆ ಒಂದಕ್ಕೊಂದರ ಮಾತು ತಿಳಿಯುವುದಿಲ್ಲ. ಆದ್ದರಿಂದ ಒಂದು ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಕಟ್ಟುತ್ತಾರೆ. ಉಳಿದವು ತಂತಿಯ ಮೂಲಕ ಅದರಿಂದಲೇ ಎಳೆದುಕೊಳ್ಳುತ್ತವೆ. ಕಟ್ಟುವ ಕೆಲಸಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟೂ ಕಾಲ ಆ ಪೆಟ್ಟಿಗೆ ಒಲೆಯ ಮೇಲಿಟ್ಟ ಪಾತ್ರೆಯಂತೆ ಬಿಸಿಯಾಗಿ, ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಅದಕ್ಕೇ ನಮ್ಮವರು ಅದನ್ನು ಪಾಕವೆಂದರು. ಕಟ್ಟುವುದಕ್ಕೆ ಕಾಯಿಸುವುದು ಎಂದೂ, ಓಣಿಗಳಿಗೆ ಹಾಕುವುದಕ್ಕೆ ಬಡಿಸುವುದು ಎಂದೂ ಹೇಳುತ್ತಾರೆ.

ಪಾಕ ಯಾವ ಮನೆಯಲ್ಲಿ ಕಾಯುತ್ತದೋ ಆ ಮನೆಯ ಗುಣ ಅದಕ್ಕೆ ಹತ್ತುತ್ತದೆ. ನಾನು ಸಣ್ಣವನಿದ್ದಾಗ ಗಾಣಿಗರ ಅಕ್ಕತಂಗಿಯರ ಮನೆಯಲ್ಲಿ ಕಾಯಿಸಿದ್ದರಂತೆ. ಆ ಪಾಕ ಇರುವವರೆಗೂ ನೀರು ಬರುವ ಮೊದಲು ನಲ್ಲಿಗಳಲ್ಲಿ ಕಿಸಕ್ಕನೆ ನಕ್ಕಂತೆ ಸದ್ದಾಗುತ್ತಿತ್ತು. ದುಃಖದಲ್ಲಿದ್ದವರು ಆ ಹೊತ್ತಿಗೆ ತಲೆ ತಗ್ಗಿಸಿಕೊಂಡು ಕೊಡ ತುಂಬಿಕೊಳ್ಳುತ್ತಿದ್ದರು. ಮುಂದೊಮ್ಮೆ ಒಳಗೊಳಗೇ ಜಗಳವಾಡಿಕೊಂಡಿದ್ದ ಅಣ್ಣತಮ್ಮಂದಿರ ಮನೆಯನ್ನು ತಿಳಿಯದೆ ಆರಿಸಿಬಿಟ್ಟರು. ಆ ಪಾಕ ಬಡಿಸಿದ ಮೇಲೆ ಮೇಲಿನ ಓಣಿಯ ಕಂಪ್ಯೂಟರ್ ಕೆಳಗಿನ ಓಣಿಯದರ ಜೊತೆ ಮಾತು ಬಿಟ್ಟಿತು. ಕೆಳಗಿನ ಓಣಿಯ ಹೆಂಗಸರು ವರ್ಷಗಟ್ಟಲೆ ಕೆರೆಯಿಂದ ನೀರು ಹೊತ್ತರು. ಬಡಿಗೇರ ಮೌನಪ್ಪನ ತಾಯಿ ಆಗ ಬಾಗಿಸಿಕೊಂಡ ಬೆನ್ನನ್ನು ಸಾಯುವವರೆಗೆ ನೆಟ್ಟಗೆ ಮಾಡಲಿಲ್ಲ. ಆಮೇಲೆ ಬಂದದ್ದು ಶಾಲೆಯ ಮಾಸ್ತರರ ಮನೆಯ ಪಾಕ. ಮಾಸ್ತರರಿಗೆ ಗೂರಲು ಇತ್ತು. ದಿನಾ ನೀರು ಬಿಡುವಾಗ ಕಂಪ್ಯೂಟರುಗಳು ಒಂದೆರಡು ಸಲ ಕೆಮ್ಮುತ್ತಿದ್ದವು. ಮಾಸ್ತರರು ಹೋಗಿ ಎಷ್ಟೋ ಕಾಲವಾದರೂ ಕೆಮ್ಮು ಉಳಿದಿತ್ತು. ನಮ್ಮ ಓಣಿಯ ಕಂಪ್ಯೂಟರ್ ನಮ್ಮ ಮನೆಯಲ್ಲೇ ಇದ್ದುದರಿಂದ ಅದು ಕೆಮ್ಮಿದಾಗಲೆಲ್ಲ ನನ್ನ ಹೆಂಡತಿ ಸಾತವ್ವ ಒಳಗಿನಿಂದಲೇ, "ಒಂದ್ ಗುಟುಕು ನೀರು ಕುಡೀರಿ ಮಾಸ್ತರ" ಎನ್ನುತ್ತಿದ್ದಳು.

ಈ ಸಲ ಹಿರಿಯರು ನಮ್ಮ ಮನೆಯನ್ನು ಆರಿಸಿದ್ದು ಅವಳಿಗಾಗಿ. "ಸಾತವ್ವನ ಮನ್ಯಾಗ ಹಾಲು ಸೈತ ಉಕ್ಕೂದಿಲ್ಲ" ಎಂದು ಊರಲ್ಲಿ ನಗೆಯಾಡುತ್ತಿದ್ದರು. ನಮ್ಮದು ವಿಭೂತಿ ಮಾಡುವ ಕಾಯಕ. ನಾನು ಸಗಣಿಯ ಬೆರಣಿ ಸುಟ್ಟು ಬೂದಿ ಸೋಸುವೆನು. ಅವಳು ಅದನ್ನು ಕಲಸಿ ಉಂಡೆ ಕಟ್ಟಿ ಬಿಸಿಲಿಗೆ ಇಡುವಳು. ನಮಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅವಳು ಶಿವನನ್ನಾಗಲಿ ನನ್ನನ್ನಾಗಲಿ ಒಂದು ಮಾತು ಅಂದವಳಲ್ಲ.

ಕೆಲಸ ಹೂಡಲು ಜೈತುನ್‌ಬಿ ಬಂದಳು. ಊರಿನ ತಂತಿ, ಪೆಟ್ಟಿಗೆ ಎಲ್ಲ ನೋಡಿಕೊಳ್ಳುವವಳು ಅವಳೇ. ಅವಳ ಅಪ್ಪನೂ ಅದನ್ನೇ ಮಾಡುತ್ತಿದ್ದ. ಬೆರಳಿನಿಂದ ಏನೇನೋ ಒತ್ತಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿ, "ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ. ದಿನಾ ಹೆಂಗ್ ಇರ್ತೀರಿ ಹಂಗ ಇರ್ರಿ" ಎಂದಳು.

"ನಾವು ದಿನಾ ಜಗಳಾ ಆಡ್ತೀವಲ್ಲವಾ" ಎಂದಳು ಸಾತವ್ವ.

"ನೀವು ಜಗಳಾ ಆಡೂದು ನಾನು ನೋಡ್ಬೇಕು ಅಂತ ಹುಟ್ಟಿದಾಗಿಂದ ಕಾಯಾಕ ಹತ್ತೇನಿ, ಅಜ್ಜಿ" ಎಂದು ಜೈತುನ್‌ಬಿ ನಕ್ಕಳು.

ಪಾಕ ಕಾಯುವ ಮನೆಗೆ ಯಾರೂ ಕೆಟ್ಟ ಸುದ್ದಿ ತರುವುದಿಲ್ಲ. ಎದುರು ಮನೆಯ ಮೌನಪ್ಪ ತನ್ನ ಕೊಡಲಿ ಕೆಲಸವನ್ನೆಲ್ಲ ಹಿತ್ತಲಿಗೆ ಒಯ್ದ. ಓಣಿಯ ಹೆಂಗಸರು ಸಂಜೆ ಬಂದು ಪೆಟ್ಟಿಗೆಯ ಬಿಸಿ ನೋಡಿ, ಹಸಿ ಕೂಸನ್ನು ನೋಡಿ ಹೋಗುವವರಂತೆ ಮೆಲ್ಲಗೆ ಹೆಜ್ಜೆಯಿಟ್ಟು ಹೋಗುತ್ತಿದ್ದರು. ಸಾತವ್ವ ಎಂದಿನಂತೆ ರೊಟ್ಟಿ ಬಡಿದಳು, ಉಂಡೆ ಕಟ್ಟಿದಳು. ನಾನು ಬೆಳಗಿನಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕುಳಿತರೆ ಪೆಟ್ಟಿಗೆಯ ಗುಂಯ್ ಸದ್ದು ಹಿನ್ನೆಲೆಯಲ್ಲಿ ಇರುತ್ತಿತ್ತು. ಅದು ನನಗೆ ಹಿತವಾಗಿಯೇ ಇತ್ತು.

ಪಾಕ ಅರ್ಧಕ್ಕೆ ಬಂದಿರುವಾಗ ಅವಳಿಗೆ ಜ್ವರ ಬಂತು. ಡಾಕ್ಟರು ಗುಳಿಗೆ ಕೊಟ್ಟರು. ಜ್ವರ ಇಳಿಯಲಿಲ್ಲ, ಹೊಟ್ಟೆಯಲ್ಲಿ ನೋವು ಹುಟ್ಟಿಕೊಂಡಿತು. ಡಾಕ್ಟರು ಮತ್ತೆ ಬಂದು, ಹೊಟ್ಟೆ ಒತ್ತಿ ನೋಡಿ, ಹೊರಗೆ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ವಯಸ್ಸಾದ ದೇಹ, ಮಾಡುವುದು ಬಹಳ ಉಳಿದಿಲ್ಲ ಎಂದು ಮೆತ್ತಗೆ ಹೇಳಿದರು. ಮನೆಯೊಳಗೆ ಹೇಳಬಾರದೆಂದೇ ಹೊರಗೆ ಕರೆದಿದ್ದರು.

ನೋವು ಬಂದಾಗ ಸಾತವ್ವ ಸೀರೆಯ ಸೆರಗನ್ನು ಮುದ್ದೆ ಮಾಡಿ ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ನನಗೆ ನೋಡಲಾಗಲಿಲ್ಲ.

"ನರಳು, ಸಾತವ್ವಾ. ನಾನ ಹೇಳ್ತೀನಿ, ಬಾಯಿ ಬಿಟ್ಟು ನರಳು."

ಅವಳು ಸೆರಗು ತೆಗೆದಳು. "ಸುಮ್ಕಿರ್ರಿ. ಕೇಳ್ತೈತಿ ಅದು. ಊರಾಗಿನ ನಲ್ಲಿ ಎಲ್ಲಾ ನಳ್ಳಾಕ ಹತ್ತಿದ್ರ ಮಂದಿ ನನಗ ಬೈತಾರ."

"ಬೈಲಿ."

"ನೀವೇನ್, ಮನ್ಯಾಗ ಕುಂತಿರ್ತೀರಿ. ನಲ್ಲೀ ಕಡೆ ಹೋಗಿ ಬೈಸ್ಕೊಳ್ಳಾಕಿ ನಾನು."

ಅವಳ ತಂಗಿ ಬಸಲಿಂಗವ್ವ ಪಕ್ಕದ ಓಣಿಯಲ್ಲಿದ್ದಳು. ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಬೇಕಾದಷ್ಟು ಅಳಬಹುದು ಎಂದೆ. ಒಪ್ಪಲಿಲ್ಲ. "ನಾನ ಎದ್ದು ಹೋದ್ರ ಈ ಮನೀ ಗುಣಾ ಅಂತ ಏನ್ ಉಳೀತೈತಿ? ಖಾಲಿ ಗ್ವಾಡಿ ಗುಣಾ ಹತ್ತತೈತಿ ಅದಕ್ಕ" ಎಂದಳು. ಆಮೇಲೆ ಹೆಚ್ಚು ಮಾತಾಡಲಿಲ್ಲ. ಒಂದು ಬೆಳಗ್ಗೆ ನಾನು ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟು ತಿರುಗಿದಾಗ ಸೆರಗು ಅವಳ ಬಾಯಿಂದ ಜಾರಿ ಎದೆಯ ಮೇಲೆ ಬಿದ್ದಿತ್ತು. ನಾನು ಹತ್ತಿರ ಹೋಗಿ ಮುಟ್ಟಿದೆ. ಪಡಸಾಲೆಯಲ್ಲಿ ಪೆಟ್ಟಿಗೆ ಗುಂಯ್‌ಗುಡುತ್ತಲೇ ಇತ್ತು.

ಬಸಲಿಂಗವ್ವ ಓಡಿ ಬಂದಳು. ಹೊಸ್ತಿಲಲ್ಲೇ ಕುಸಿದು, "ಅಕ್ಕಾ, ಯವ್ವಾ" ಎಂದು ದೊಡ್ಡ ದನಿ ತೆಗೆದಳು. ಬಾಗಿಲಲ್ಲಿ ನಿಂತಿದ್ದ ಮೌನಪ್ಪ ಅವಳ ರಟ್ಟೆ ಹಿಡಿದ. "ಚಿಕ್ಕವ್ವಾ, ಹೊರಗ ಬಾ. ಹೊರಗ ಕುಂತು ಅಳುವಂತಿ, ನಾವೂ ಅಳ್ತೀವಿ. ಇಲ್ಲಿ ಬ್ಯಾಡ."

"ಇಲ್ಲೇ ಅಳ್ಲಿ" ಎಂದೆ.

"ಅಜ್ಜಾರ, ಪಾಕ..."

"ಇದು ಆಕಿ ಮನಿ. ಇಲ್ಲೇ ಅಳ್ಲಿ, ಬಿಡು."

ಮೌನಪ್ಪ ಕೈ ಬಿಟ್ಟ. ಅವಳು ಅತ್ತಳು. ಓಣಿಯ ಹೆಂಗಸರು ಹೊಸ್ತಿಲ ಆಚೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು; ಆಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದು ಅವರೂ ಅತ್ತರು. ನಾನು ಅಳಲಿಲ್ಲ. ಗೋಡೆಗೆ ಒರಗಿ ಕೂತಿದ್ದೆ. ಮಧ್ಯಾಹ್ನ ಅವಳನ್ನು ಕೂರಿಸಿದಂತೆಯೇ ಒಯ್ದು, ಅವಳೇ ಕಟ್ಟಿದ ವಿಭೂತಿಯ ಉಂಡೆಗಳನ್ನು ಸುತ್ತಲೂ ಇಟ್ಟು ಮಣ್ಣು ಕೊಟ್ಟೆವು. ಉಂಡೆಗಳ ಮೇಲೆ ಅವಳ ಬೆರಳಿನ ಗುರುತು ಇನ್ನೂ ಇತ್ತು.

ಪಾಕ ನಿಲ್ಲಲಿಲ್ಲ. ನಡುವೆ ನಿಲ್ಲಿಸಿದರೆ ಅದು ಯಾತಕ್ಕೂ ಬಾರದು. ಅದು ತಾನಾಗಿ ಮುಗಿದು ಪೆಟ್ಟಿಗೆ ತಣ್ಣಗಾದ ದಿನ ಹಿರಿಯರು ಮಠದ ಅಂಗಳದಲ್ಲಿ ಊರವರನ್ನು ಕೂಡಿಸಿದರು. ನಾನು ಅಲ್ಲಿಗೆ ಹೋದದ್ದು ಒಂದೇ ಆಸೆಯಿಂದ. ಪಾಕದ ಮೊದಲರ್ಧವೆಲ್ಲ ಅವಳಿದ್ದಾಗ ಕಾದದ್ದು. ಅವಳ ರೊಟ್ಟಿಯ ಸದ್ದು, ಯಾವ ಮಾತಿಗೂ ಅವಳು ಮೊದಲು ಅನ್ನುತ್ತಿದ್ದ "ಹ್ಞೂಂ", ಏನಾದರೊಂದು ಅದಕ್ಕೆ ಹತ್ತಿರಲೇಬೇಕು. ಅದನ್ನು ಚೆಲ್ಲಿಬಿಟ್ಟರೆ ಅವಳನ್ನು ಎರಡನೆಯ ಸಲ ಮಣ್ಣು ಮಾಡಿದಂತೆ. ಇದನ್ನು ಸಭೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬೇರೆಯದನ್ನು ಹೇಳಿದೆ.

"ಲಿಂಗ ಕಟ್ಟಿದವರಿಗೆ ಸಾವಿನ ಸೂತಕ ಇಲ್ಲ. ಅದು ನಮ್ಮ ಹಿರ್ಯಾರು ಕಲಿಸಿದ್ದು. ನನ್ನ ಮನಿ ಮೈಲಿಗಿ ಆಗಿಲ್ಲ."

ಮೌನಪ್ಪ ಎದ್ದ. "ಅಜ್ಜಾರ, ನಿಮಗ ಸೂತಕ ಇಲ್ಲ, ಒಪ್ಪಿದ್ನಿ. ಪಾಕಕ್ಕ ಯಾರು ಲಿಂಗಾ ಕಟ್ಯಾರ?"

ಯಾರೋ ನಕ್ಕರು. ಮೌನಪ್ಪ ನಗಲಿಲ್ಲ. "ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಸಾತವ್ವನ ಕೈಯಾಗಿನ ರೊಟ್ಟಿ ತಿಂದು ಬೆಳದಾಂವ ನಾನು. ಆದ್ರ ನನ್ನ ಸೊಸಿ ಹಡ್ಯಾಕ ಬಂದಾಳ. ಮನ್ಯಾಗ ಕೂಸು ಕಣ್ಣು ಬಿಡೂ ಹೊತ್ತಿಗೆ ನಲ್ಯಾಗ ಸಾವಿನ ದನಿ ಬಂದ್ರ ನಾನೇನ್ ಮಾಡ್ಲಿ? ನಮ್ಮವ್ವ ಬಾಗಿದ ಬೆನ್ನು ನೀವೂ ನೋಡೀರಿ."

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

"ಚೆಲ್ಲಿ ಮತ್ತೊಂದು ಇಡೂನು" ಎಂದರು ಹಿರಿಯರಲ್ಲೊಬ್ಬರು.

"ಇಡ್ರಿ" ಎಂದಳು ಜೈತುನ್‌ಬಿ. "ಈಗಿರೂ ಹಳೇದು ಹೆಂಗ್ ನಡದೈತಿ ನೋಡೀರಿಲ್ಲ? ನಿನ್ನಿ ಕುಂಬಾರ ಓಣಿಗೆ ಎರಡ್ ಸಲ ನೀರ್ ಬಿಡ್ತು, ಗಾಣಿಗರ ಓಣಿಗೆ ಹನೀ ಇಲ್ಲ. ಬ್ಯಾಸಗಿ ತಲೀ ಮ್ಯಾಲೈತಿ. ಹೊಸಾ ಪಾಕ ಕಾದು ಮುಗಿಯೂದರಾಗ ತೊಟ್ಟ್ಯಾಗ ಕಪ್ಪಿ ಇರ್ತಾವು, ನೀರ್ ಇರೂದಿಲ್ಲ."

"ಹಂಗಂತ ಕಣ್ಣು ಮುಚ್ಚಿ ಬಡಸ್ತೀಯೇನ?"

"ಕಣ್ಣು ಮುಚ್ಚಿ ಯಾಕ? ನನ್ನ ಓಣಿ ಪೆಟಗಿ ನನ್ನ ಮನ್ಯಾಗೈತಿ. ಮೊದಲ ಅದೊಂದಕ್ಕ ಬಡಸ್ತೀನಿ. ಎರಡ್ ದಿನಾ ಉಳಿದವುಗಳ ಕೂಡ ಮಾತಾಡ್ಲಿಲ್ಲಂದ್ರ ಬಿಡ್ಲಿ, ನಾನ ಕೈಯಿಂದ ತಿರುವಿ ನೀರು ಬಿಡ್ತೀನಿ. ಕೆಟ್ಟರ ನನ್ನ ಮನಿ ಕೆಡ್ಲಿ."

ಹಾಗೇ ಆಯಿತು. ಆ ಸಂಜೆ ನೀರು ಬಿಡುವ ಹೊತ್ತಿಗೆ ನಾನು ಜೈತುನ್‌ಬಿಯ ಮನೆಗೆ ಹೋದೆ. ಅವಳು ಚಾಪೆ ಹಾಸಿ ಕೂರಿಸಿದಳು. ಹೊರಗೆ ನಲ್ಲಿಯ ಮುಂದೆ ಕೊಡಗಳ ಸಾಲು. ಎಲ್ಲರೂ ಕಿವಿಯಾಗಿ ನಿಂತಿದ್ದರು. ಅವರು ಹೆದರಿಕೆಯಿಂದ, ನಾನು ಆಸೆಯಿಂದ. ಹೊತ್ತಾಯಿತು. ಪೆಟ್ಟಿಗೆಯ ದೀಪ ಹತ್ತಿತು. ಕೆಮ್ಮು ಬರಲಿಲ್ಲ. ನಗು, ಅಳು, ನರಳಿಕೆ, ಯಾವುದೂ ಬರಲಿಲ್ಲ. ನೀರೂ ಬರಲಿಲ್ಲ. ದೀಪ ಹತ್ತಿಕೊಂಡೇ ಇತ್ತು. ಹೊರಗೆ ಒಬ್ಬಳು, "ಏನಾತ ಬೇ?" ಎಂದಳು. ಮತ್ತೊಬ್ಬಳು ಅವಳನ್ನು ಸುಮ್ಮನಿರಿಸಿದಳು. ಹೀಗೆ ಎಲೆಯಡಿಕೆ ಮಡಿಸಿ ಹಾಕಿಕೊಳ್ಳುವಷ್ಟು ಹೊತ್ತು ಎಲ್ಲರೂ ಏನನ್ನೋ ಕಾದೆವು. ಆಮೇಲೆ ನಲ್ಲಿಯಲ್ಲಿ ನೀರು ಬಂತು. ಧಾರಾಳವಾಗಿಯೇ ಬಂತು, ಎಲ್ಲರ ಕೊಡ ತುಂಬಿತು.

ಮರುದಿನವೂ ಅಷ್ಟೇ. ಹೊತ್ತಿಗೆ ಸರಿಯಾಗಿ ಎಚ್ಚರವಾಗುವುದು, ಆಮೇಲೆ ಸುಮ್ಮನೆ ಕೂತುಬಿಡುವುದು, ಆಮೇಲೆ ನೀರು.

"ಇದರಾಗ ಆಕಿ ಇಲ್ಲ" ಎಂದೆ.

ಜೈತುನ್‌ಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಇಲ್ರಿ ಅಜ್ಜಾರ."

"ಅಷ್ಟು ದಿನಾ ಇದರ ಮುಂದ ಇದ್ಲು. ಒಂದೂ ಹತ್ತಿಲ್ಲಂದ್ರ?"

"ಹತ್ತಗೊಡಲಿಲ್ಲ ಆಕಿ. ಬಾಯಾಗ ಅರಿವಿ ತುರುಕೊಂಡು ಕಾಯ್ದಾಳಲ್ರಿ." ಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ಇದು ನೀವ ಅದೀರಿ. ಮೊನ್ನೆ ನಾನು ಪೆಟಗಿ ನೋಡಾಕ ಬಂದಾಗ ನೀವು ಗಂಗಾಳದ ಮುಂದ ಕುಂತಿದ್ರಿ. ರೊಟ್ಟಿ ಆರಿತ್ತು. ಉಣ್ರಿ ಅಂದೆ. ಆಮ್ಯಾಲ ಕೈ ಹಾಕಿದ್ರಿ."

ಅದು ನಿಜ. ಬಸಲಿಂಗವ್ವ ಬುತ್ತಿ ತಂದಿಟ್ಟು ಹೋಗುತ್ತಿದ್ದಳು. ನಾನು ಅದರ ಮುಂದೆ ಕೂರುತ್ತಿದ್ದೆ. ದೀಪ ಹಚ್ಚಲು ಎದ್ದರೂ ಹಾಗೆಯೇ, ಬತ್ತಿಯ ಮುಂದೆ ಕಡ್ಡಿ ಹಿಡಿದು ನಿಲ್ಲುತ್ತಿದ್ದೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗಲೂ ಮೊದಲು ಹಾಗೆ ಕೂತಿದ್ದು, ಆಮೇಲೆ ಮಂತ್ರ ನೆನಪಾಗುತ್ತಿತ್ತು. ಶಿವನಿಗೆ ಇದು ಗೊತ್ತಿತ್ತೆಂದು ತಿಳಿದಿದ್ದೆ. ಪೆಟ್ಟಿಗೆಗೂ ಗೊತ್ತಾಗಿದೆಯೆಂದು ಆಗ ತಿಳಿಯಿತು. ನಾಚಿಕೆಯಾಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅವಳು ತೀರಿಕೊಂಡ ದಿನ ಬಾರದ ಅಳು ಆಗ ಬಂತು.

ಪಾಕದಲ್ಲಿ ಹಾನಿಯಿಲ್ಲವೆಂದು ಹಿರಿಯರಿಗೆ ಮನವರಿಕೆಯಾಯಿತು. ಒಂದೇ ದಿನ ಎಲ್ಲ ಓಣಿಗಳಿಗೂ ಬಡಿಸಬೇಕೆಂದು ಗೊತ್ತಾಯಿತು. ಪಾಕ ನನ್ನ ಮನೆಯದಾದ್ದರಿಂದ ನಾನೂ ಜೈತುನ್‌ಬಿಯ ಜೊತೆ ಮನೆಯಿಂದ ಮನೆಗೆ ಹೋಗಬೇಕು, ಅದು ಪದ್ಧತಿ. ಓಣಿಯವರಿಗೆ ವಿಭೂತಿ ಕೊಡಲೆಂದು ಉಳಿದ ಉಂಡೆಗಳನ್ನು ಚೀಲದಲ್ಲಿ ಹಾಕಿಕೊಂಡೆ.

ಬಡಿಸುವಾಗ ಕಂಪ್ಯೂಟರ್ ತನ್ನಲ್ಲಿರುವ ಹಳೆಯದನ್ನೂ ಬರುತ್ತಿರುವ ಹೊಸದನ್ನೂ ಹೋಲಿಸಿ ನೋಡುತ್ತದೆ. ಪೆಟ್ಟಿಗೆಗಳು ಒಂದಕ್ಕೊಂದು ಆಡುವ ಮಾತಿನ ಭಾಗವನ್ನೆಲ್ಲ ಕೇಳದೆ ಬದಲಿಸಿಬಿಡುತ್ತದೆ. ಓಣಿಯ ರೂಢಿಗೆ ಸೇರಿದ್ದು ಬಂದಾಗ ಮಾತ್ರ ನಿಂತು ಕೇಳುತ್ತದೆ, ನಿಮ್ಮದನ್ನು ಉಳಿಸಲೇ, ಹೊಸದನ್ನು ಹಾಕಲೇ ಎಂದು. ಜೈತುನ್‌ಬಿ ಅದನ್ನು ಓದಿ ಹೇಳುವಳು. ಓಣಿಯವರು ಉತ್ತರ ಕೊಡಬೇಕು. ಈ ಸಲ ಕೇಳಬೇಕಾದದ್ದು ಇದೊಂದೇ: ಮಾಸ್ತರರ ಕೆಮ್ಮು ಉಳಿಯಬೇಕೋ, ನನ್ನ ಮನೆಯ ಕಾಯುವಿಕೆ ಬರಬೇಕೋ.

ಗಾಣಿಗರ ಓಣಿಯವರು ತಮ್ಮತಮ್ಮಲ್ಲಿ ಪಿಸುಗುಟ್ಟಿಕೊಂಡು, ನನ್ನ ಮುಖ ನೋಡದೆ, "ಇರೂದ ಇರ್ಲಿ" ಎಂದರು. ಕುಂಬಾರ ಓಣಿಯಲ್ಲಿ ಮುದುಕಿ ಹೊನ್ನವ್ವ ಯಾರನ್ನೂ ಮಾತಾಡಗೊಡಲಿಲ್ಲ. "ಹಾಕವಾ ಹೊಸಾದನ್ನ. ನಾನು ಕೋಲು ಊರಿಕೊಂತ ಹೋಗೂದರಾಗ ನೀರು ಹರದ ಹೋಗಿರ್ತಾವು. ಒಂದಿಷ್ಟು ತಡದ್ರ ನನಗ ಚಲೋ ಆತು" ಎಂದಳು. ನನ್ನ ಕಡೆ ತಿರುಗಿ, "ಏ ಮುರಿಗೆಪ್ಪ, ನೀ ಜೀವದಾಗ ಯಾರಿಗರೆ ಉಪಕಾರ ಮಾಡಿದ್ದು ಇದೊಂದ ನೋಡು" ಎಂದಳು. ಸುತ್ತಲಿದ್ದವರು ನಕ್ಕರು. ನನಗೂ ನಗು ಬಂತು, ಎಷ್ಟೋ ದಿನದ ಮೇಲೆ. ಅವಳ ಹಣೆಗೆ ವಿಭೂತಿ ಇಟ್ಟೆ.

ಕೆಳಗಿನ ಓಣಿಯ ಪೆಟ್ಟಿಗೆ ಮೌನಪ್ಪನ ತಾಯಿ ಇದ್ದ ಹಳೆಯ ಮನೆಯಲ್ಲಿ, ಈಗ ಅವನ ಅಣ್ಣನಿರುವಲ್ಲಿ ಇದೆ. ಸೊಸೆಯ ಬಾಣಂತಿತನಕ್ಕೆ ಏರ್ಪಾಡು ಮಾಡಿದ್ದೂ ಅಲ್ಲಿಯೇ. ಮೌನಪ್ಪ ಬಾಗಿಲಲ್ಲೇ ಕೈ ಮುಗಿದು ನಿಂತಿದ್ದ.

"ನಮ್ದನ್ನ ಉಳಸವಾ, ಜೈತುನ್‌ಬಿ. ಕೆಮ್ಮಿದ್ರ ಕೆಮ್ಮಲಿ. ಅಜ್ಜಾರ, ತಪ್ಪು ತಿಳೀಬ್ಯಾಡ್ರಿ."

"ತಪ್ಪೇನೈತಿ" ಎಂದೆ. "ಕೂಸು ಬರೂ ಮನಿ."

ಅವನ ಸೊಸೆ ರತ್ನವ್ವ ಒಳಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. "ಮಾವಾರ, ನಲ್ಲಿಗೆ ಹೋಗಾಕಿ ನಾನು. ನನ್ನ ಒಂದ್ ಮಾತು ಕೇಳ್ಬಾರದೇನ್ರಿ?" ಎಂದಳು. ಮೌನಪ್ಪ, "ಹಡದ ಮ್ಯಾಲ ಕೇಳ್ತೀನಿ, ಈಗ ಕುಂಡ್ರು" ಎಂದ. ಜೈತುನ್‌ಬಿ ಅವನು ಹೇಳಿದಂತೆಯೇ ಒತ್ತಿದಳು. ರತ್ನವ್ವ ಬಗ್ಗಲಾರದೆ ಬಗ್ಗಿ ನನ್ನಿಂದ ವಿಭೂತಿ ಹಚ್ಚಿಸಿಕೊಂಡಳು. ಚೀಲದಲ್ಲಿದ್ದ ಕೊನೆಯ ಉಂಡೆ ಅಲ್ಲಿಗೆ ಮುಗಿಯಿತು.

ಪಾಕ ಕಾದ ಮನೆಯದನ್ನು ಎಲ್ಲಕ್ಕಿಂತ ಕೊನೆಗೆ ಮಾಡುತ್ತಾರೆ. ಹೊತ್ತು ಇಳಿಯುವಾಗ ನಾವಿಬ್ಬರೂ ನಮ್ಮ ಮನೆಗೆ ಬಂದೆವು. ದಾರಿಯಲ್ಲೇ ನಾನು ಉತ್ತರವನ್ನು ಗಟ್ಟಿಮಾಡಿಕೊಂಡಿದ್ದೆ. ಹಳೆಯದೇ ಇರಲಿ ಎನ್ನಬೇಕು. ಸಾತವ್ವ ಮಾತಾಡಿಸುತ್ತಿದ್ದ ಕೆಮ್ಮು ಅದು. ಅದು ದಿನಾ ಕೆಮ್ಮಿದರೆ ಅವಳ ಮಾತಿಗೆ ಒಂದು ಜಾಗವಾದರೂ ಇರುತ್ತದೆ. ಒಳಗಿನಿಂದ ಉತ್ತರ ಬಾರದಿದ್ದರೂ ನಾನು ಅದನ್ನು ಕೇಳಿಕೊಳ್ಳಬಲ್ಲೆ. ಊರಿಗೆಲ್ಲ ನನ್ನ ಗುಣ ಹಂಚಿ ನಾನು ಮಾತ್ರ ಕೆಮ್ಮು ಇಟ್ಟುಕೊಳ್ಳುವುದು ಸರಿಯೇ ಎಂದೂ ಅನಿಸಿತು. ಆದರೂ ಇರಲಿ ಎಂದುಕೊಂಡೆ.

ಜೈತುನ್‌ಬಿ ಪೆಟ್ಟಿಗೆಯ ಮುಂದೆ ಕುಳಿತು ಒತ್ತಿದಳು. ಸಾಲುಗಳು ಮೇಲೇರತೊಡಗಿದವು. ನಾನು ಅವಳ ಹಿಂದೆ ನಿಂತಿದ್ದೆ. ಬೇರೆ ಮನೆಗಳಲ್ಲಿ ನಿಂತ ಜಾಗ ಬಂತು ಎನ್ನುವಾಗ ಬಾಯಿ ತೆರೆದೆ. ಸಾಲುಗಳು ನಿಲ್ಲದೆ ಏರಿದವು. ಮತ್ತೆ ಸ್ವಲ್ಪ ಹೊತ್ತಿನಲ್ಲಿ ಪರದೆ ಖಾಲಿಯಾಗಿ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗತೊಡಗಿತು.

"ಮುಗೀತ್ರಿ" ಎಂದಳು.

"ಕೇಳಲಿಲ್ಲಲ್ಲ?"

"ಏನ್ರಿ?"

"ಉಳಸ್ಲೋ, ಹಾಕ್ಲೋ ಅಂತ."

ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಏನು ಹೇಳಬೇಕೆಂದಿದ್ದೆನೋ ಅದು ಅವಳಿಗೆ ತಿಳಿದಿರಬೇಕು. "ಇದು ಈ ಮನ್ಯಾಗಿಂದ ಅಲ್ಲೇನ್ರಿ ಅಜ್ಜಾರ? ಕಾಯೂವಾಗ ಇಲ್ಲೀದನ್ನೆಲ್ಲಾ ತೊಗೊಂಡು ಹಳೇದರ ಜಾಗಾದಾಗ ತಾನ ಕುಂತೈತಿ. ಹೋಲಿಸಿ ನೋಡಿದ್ರ ಬ್ಯಾರೆ ಏನೂ ಕಾಣ್ಲಿಲ್ಲ ಅದಕ್ಕ. ಏನಂತ ಕೇಳ್ಬೇಕು?"

"ಈಗ ತಿರುಗಿ ಹಾಕಾಕ ಬರೂದಿಲ್ಲ?"

"ಬರೂದಿಲ್ರಿ" ಎಂದಳು, ಬಹಳ ಮೆತ್ತಗೆ. ತನ್ನ ಚೀಲ ತೆಗೆದುಕೊಂಡು, ಹೊಸ್ತಿಲಲ್ಲಿ ಒಮ್ಮೆ ನಿಂತು, ಹೋದಳು.

ನೀರಿನ ಹೊತ್ತಾಯಿತು. ಪೆಟ್ಟಿಗೆಯ ದೀಪ ಹತ್ತಿತು. ಕೆಮ್ಮಲಿಲ್ಲ. ಮನೆಯಲ್ಲಿ ಹನಿ ನೀರಿಲ್ಲವೆಂದು ಆಗ ನೆನಪಾಯಿತು. ಬಸಲಿಂಗವ್ವ ಬುತ್ತಿಯ ಜೊತೆ ತಂದಿಡುತ್ತಿದ್ದ ತಂಬಿಗೆ ಖಾಲಿಯಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಬೋರಲು ಹಾಕಿದ್ದ ತಾಮ್ರದ ಕೊಡವನ್ನು ತೆಗೆದುಕೊಂಡೆ. ಅದರ ಅಡಿಯಲ್ಲಿ ಧೂಳು ವರ್ತುಲವಾಗಿ ಕೂತಿತ್ತು. ಇಷ್ಟು ವರ್ಷದಲ್ಲಿ ನಾನು ನಲ್ಲಿಗೆ ಹೋದವನಲ್ಲ. ಕೊಡ ಯಾವ ಕಡೆ ಹಿಡಿದರೆ ಹಗುರವೆಂದು ಕೂಡ ಗೊತ್ತಿರಲಿಲ್ಲ.

ಓಣಿಯ ಹೆಂಗಸರು ಸಾಲಾಗಿ ನಿಂತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಯಾರೂ ದಾರಿ ಬಿಡಲಿಲ್ಲ, ಯಾರೂ ಕೊಡ ಇಸಿದುಕೊಳ್ಳಲಿಲ್ಲ; ಅದಕ್ಕಾಗಿ ಅವರನ್ನು ಇಂದಿಗೂ ನೆನೆಯುತ್ತೇನೆ. ನಾನು ಕೊನೆಯಲ್ಲಿ ನಿಂತೆ. ನಲ್ಲಿ ಸುಮ್ಮನಿತ್ತು. ಎಲ್ಲರೂ ಅದರ ಬಾಯಿಯನ್ನೇ ನೋಡುತ್ತ ಕಾದರು, ನಾನೂ ಕಾದೆ. ಒಂದು ಕೂಸು ಅತ್ತು ಸುಮ್ಮನಾಯಿತು. ಆಮೇಲೆ ನೀರು ಬಂದು ಮೊದಲ ಕೊಡದ ತಳಕ್ಕೆ ಬಿದ್ದ ಸದ್ದು ಕೇಳಿತು. ಒಂದೊಂದೇ ಕೊಡ ತುಂಬುತ್ತ ಸಾಲು ಸರಿಯಿತು. ನಾನು ನಿಂತಲ್ಲೇ ನಿಂತಿದ್ದೆ.

ನನ್ನ ಹಿಂದೆ ಬಂದು ನಿಂತಿದ್ದವಳು ತನ್ನ ಕೊಡದಿಂದ ನನ್ನ ಕೊಡವನ್ನು ಮೆಲ್ಲಗೆ ತಟ್ಟಿದಳು. "ಅಜ್ಜಾರ," ಎಂದಳು, "ಮುಂದ ಸರೀರಿ."